ನೀರು ಹನಿ ಕಟ್ಟುತ್ತಿಲ್ಲ ಅಂದರೆ ಕೋಟಿಂಗ್ ಹೋಯ್ತು ಅಂತಲ್ಲ

ಕಾರಿಗೆ ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಹಚ್ಚುವ ನೀರು ಜಾರಿಸುವ ತೆಳು ಪದರ, ಮಾಡಿಸಿ ಹತ್ತು ತಿಂಗಳಾಗಿತ್ತು. ಕಡುನೀಲಿ ಬಣ್ಣದ ಹ್ಯಾಚ್‌ಬ್ಯಾಕ್. ಮೊದಲ ಮಳೆಗಾಲದಲ್ಲಿ ಬಾನೆಟ್ ಮೇಲೆ ಬಿದ್ದ ನೀರು ಕೆಸುವಿನ ಎಲೆ ಮೇಲೆ ಬಿದ್ದಂತೆ ಉರುಳಿ ಹೋಗುತ್ತಿತ್ತು. ಮಾರ್ಚ್ ಹೊತ್ತಿಗೆ ಅದೇ ಬಾನೆಟ್ ಮೇಲೆ ನೀರು ಸುರಿದರೆ ಸಿಮೆಂಟ್ ನೆಲದ ಮೇಲೆ ಚೆಲ್ಲಿದ ಹಾಗೆ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಕೋಟಿಂಗ್ ಮಾಡಿದ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಬೆರಳಲ್ಲಿ ಒಮ್ಮೆ ಸವರಿ ನೋಡಿ, "ಸರ್, ಕೋಟಿಂಗ್ ಹೋಗಿದೆ. ಪಾಲಿಶ್ ಹೊಡೆದು ಮತ್ತೆ ಹಾಕ್ಬೇಕು" ಅಂದ. ವಾರಂಟಿ ಕಾರ್ಡಿನಲ್ಲಿ 3 ವರ್ಷ ಅಂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಆರು ತಿಂಗಳಿಗೊಮ್ಮೆ ಸರ್ವೀಸ್ ಮಾಡಿಸಬೇಕು ಅಂತಲೂ ಇತ್ತು. ನಾನು ಮಾಡಿಸಿರಲಿಲ್ಲ. ಹಾಗಾಗಿ ಜಗಳಕ್ಕೆ ಬಾಯಿ ಇರಲಿಲ್ಲ.

ಮನೆಗೆ ಬಂದು ಬಾಗಿಲಿನ ಮೇಲೆ ಒಂದು ಚೊಂಬು ನೀರು ಹಾಕಿದೆ. ಅಲ್ಲಿ ನೀರು ಮುತ್ತು ಮುತ್ತಾಗಿ ಇಳಿಯಿತು. ಒಂದೇ ದಿನ, ಒಂದೇ ಬಾಟಲಿಯಿಂದ ಹಚ್ಚಿದ ಕೋಟಿಂಗ್. ಬಾನೆಟ್ಟಿನಲ್ಲಿ ಸತ್ತು ಬಾಗಿಲಲ್ಲಿ ಬದುಕಿರುವುದು ಹೇಗೆ?

ಆ ಪ್ರಶ್ನೆಯಿಂದಲೇ ನನ್ನ ಹುಡುಕಾಟ ಶುರುವಾಯಿತು. ಉತ್ತರ ಚಿಕ್ಕದು: ತೊಂದರೆ ಕಾರಿನ ಯಾವ ಜಾಗದಲ್ಲಿದೆ ಅನ್ನುವುದೇ ಅರ್ಧ ರೋಗ ಹೇಳಿಬಿಡುತ್ತದೆ. ಮೇಲ್ಮುಖವಾಗಿರುವ ಬಾನೆಟ್, ರೂಫ್, ಡಿಕ್ಕಿಯಲ್ಲಿ ಮಾತ್ರ ಇದ್ದರೆ ಮೇಲಿಂದ ಬಿದ್ದದ್ದೇನೋ ಕಾರಣ. ನೀರು, ಹಿಕ್ಕೆ, ಮರದ ಅಂಟು, ಬಿಸಿಲು. ಬಾಗಿಲಿನ ಕೆಳಭಾಗ ಮತ್ತು ಹಿಂದಿನ ಬಂಪರ್‌ನಲ್ಲಿ ಇದ್ದರೆ ರಸ್ತೆಯಿಂದ ಎದ್ದದ್ದು. ಟಾರು, ಎಣ್ಣೆ, ಬ್ರೇಕಿನ ಪುಡಿ. ಒಂದೇ ಪ್ಯಾನೆಲ್‌ನಲ್ಲಿ ಮಾತ್ರ ಇದ್ದರೆ ಹಚ್ಚುವಾಗ ಆದ ಎಡವಟ್ಟು, ಇಲ್ಲವೇ ಆ ಪ್ಯಾನೆಲ್ ಹಿಂದೆ ಯಾವತ್ತೋ ಮರುಬಣ್ಣ ಕಂಡಿದೆ. ಇಡೀ ಕಾರಿಗೆ ಒಂದೇ ಸಮ ಇದ್ದರೆ ಮಾತ್ರ ಕೋಟಿಂಗ್ ಮೇಲೆ ಅನುಮಾನ. ಅದೂ ಎರಡನೇ ಅನುಮಾನ. ಮೊದಲನೆಯದು ನೀವು ಬಳಸುವ ಶಾಂಪೂ ಮೇಲೆ.

ಪಾಲಿಶ್ ಮೆಷಿನ್‌ಗೆ ಹೂಂ ಅನ್ನುವ ಮೊದಲು

ಈ ಲೆಕ್ಕ ತಲೆಯಲ್ಲಿರಲಿ. ಫ್ಯಾಕ್ಟರಿಯಿಂದ ಬಂದ ಕಾರಿನ ಬಣ್ಣದ ಒಟ್ಟು ದಪ್ಪ ಸುಮಾರು 80ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಎಲ್ಲವೂ ಸೇರಿದೆ. ಕ್ಲಿಯರ್ ಕೋಟ್ ಒಂದೇ ಲೆಕ್ಕ ಹಾಕಿದರೆ 35ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ತೆಳು. ಅದರ ಮೇಲೆ ಕೂರುವ ಸೆರಾಮಿಕ್ ಕೋಟಿಂಗ್ ಒಂದೆರಡು ಮೈಕ್ರಾನ್ ಇದ್ದರೆ ಹೆಚ್ಚು. ಉಜ್ಜಿ ಸವೆಸುವ ಗಟ್ಟಿ ಕಾಂಪೌಂಡ್ ಹಾಕಿ ಪಾಲಿಶ್ ಮೆಷಿನ್ ಓಡಿಸಿದರೆ ಪ್ರತಿ ಸಲ ಕ್ಲಿಯರ್ ಕೋಟ್‌ನಿಂದ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಬಿಸಿಲಿನಿಂದ ಬಣ್ಣ ಕಾಯುವ ಛತ್ರಿ ಅದು.

ಅಂದರೆ ಪಾಲಿಶ್ ಅನ್ನುವುದು ಕಾರಿನ ಆಯುಷ್ಯದಲ್ಲಿ ಎಣಿಸಿ ಮಾಡಬೇಕಾದ ಕೆಲಸ. ಸುಮ್ನೆ ಹೊಳಪು ಬರಲಿ ಅಂತ ವರ್ಷಕ್ಕೆರಡು ಸಲ ಮಾಡುವುದಲ್ಲ. ಆದ್ದರಿಂದ ನಾನು ಕೆಳಗೆ ಹೇಳುವ ಪರೀಕ್ಷೆಗಳೆಲ್ಲ ಮೆತ್ತಗಿನದರಿಂದ ಶುರುವಾಗುತ್ತವೆ. ಎಲ್ಲಿ ನೀರು ಮತ್ತೆ ಹನಿ ಕಟ್ಟಿತೋ ಅಲ್ಲಿಗೆ ನಿಲ್ಲಿಸಿ. ಮುಂದಿನದು ಬೇಡ.

ಮೊದಲು ಬರಿ ನೀರು, ಆಮೇಲೆ ಬರಿ ಶಾಂಪೂ

ನೆರಳಲ್ಲಿ ನಿಲ್ಲಿಸಿ. ಬಾನೆಟ್ ಕೈಗೆ ತಣ್ಣಗಿರಬೇಕು. ಒಂದು ಚೊಂಬು ನೀರು ನಿಧಾನಕ್ಕೆ ಸುರಿದು ನೋಡಿ. ಮೂರು ಥರ ಆಗಬಹುದು. ಗುಂಡು ಗುಂಡು ಹನಿಯಾದರೆ ಸರಿ. ಹನಿಯಾಗದೆ ಹಾಳೆಯ ಹಾಗೆ ಒಟ್ಟಿಗೆ ಜಾರಿ, ಹಿಂದೆ ಒಣ ಜಾಗ ಬಿಟ್ಟು ಹೋದರೂ ಸರಿ. ಕೆಲವು ಕೋಟಿಂಗ್‌ಗಳ ಗುಣವೇ ಅದು. ಜನ ಇದನ್ನು ನೋಡಿ ಹೆದರುತ್ತಾರೆ, ಹೆದರಬೇಕಿಲ್ಲ. ಮೂರನೆಯದು, ನೀರು ಹರಡಿಕೊಂಡು ಅಂಚು ಸೊಟ್ಟಸೊಟ್ಟಗೆ ಅಂಟಿ ಕೂರುವುದು. ಇದು ಮಾತ್ರ ತೊಂದರೆ.

ಈಗ ಒಳ್ಳೆ ಕಾರ್ ಶಾಂಪೂನಲ್ಲಿ ತೊಳೆಯಿರಿ. ವ್ಯಾಕ್ಸ್ ಬೆರೆಸಿದ ಶಾಂಪೂ ಬೇಡ. ಇದನ್ನು ಒತ್ತಿ ಹೇಳಲು ಕಾರಣವಿದೆ. 'ವಾಶ್ ಅಂಡ್ ವ್ಯಾಕ್ಸ್' ಅಂತ ಬರೆದ ಶಾಂಪೂ ಪ್ರತಿ ಸಲ ಕೋಟಿಂಗ್ ಮೇಲೆ ತನ್ನದೇ ಒಂದು ತೆಳು ಪದರ ಬಿಡುತ್ತದೆ. ಅದು ಧೂಳು ಹಿಡಿಯುತ್ತದೆ, ಬಿಸಿಲಿಗೆ ಕೆಡುತ್ತದೆ. ಆಮೇಲೆ ನೀವು ನೋಡುತ್ತಿರುವುದು ಕೋಟಿಂಗ್‌ನ ಗುಣವಲ್ಲ, ಆ ಪದರದ ಗುಣ. ವಾಟರ್ ಸರ್ವೀಸ್ ಅಂಗಡಿಗಳಲ್ಲಿ ಕೊನೆಗೆ ಡೀಸೆಲ್ ಸ್ಪ್ರೇ ಮಾಡಿ ಮಿಂಚಿಸುವುದಿದೆಯಲ್ಲ, ಅದೂ ಇದೇ ಕಥೆ. ಆ ಹೊಳಪು ಎರಡು ದಿನ, ಹಿಡಿದ ಧೂಳು ಎರಡು ತಿಂಗಳು.

ತೊಳೆದ ಮೇಲೆ ಮತ್ತೆ ಚೊಂಬು ನೀರು. ಇಲ್ಲೇ ಹನಿ ಕಟ್ಟಿದರೆ ಅದು ಬರೀ ಟ್ರಾಫಿಕ್ಕಿನ ಕೊಳೆ. ಹೊಗೆ, ಎಣ್ಣೆ, ಟೈರಿನ ಪುಡಿ ಸೇರಿ ಆಗುವ ಬೂದು ಜಿಡ್ಡು. ಬೆಂಗಳೂರಿನ ಯಾವುದೇ ಸಿಗ್ನಲ್‌ನಲ್ಲಿ ದಿನಾ ನಿಲ್ಲುವ ಕಾರಿಗೆ ಇದು ಇದ್ದೇ ಇರುತ್ತದೆ.

ನನ್ನ ಬಾನೆಟ್ ಇದಕ್ಕೆ ಜಗ್ಗಲಿಲ್ಲ.

ಒರಟು ಕೈಗೆ ಸಿಗುತ್ತದೆಯೇ?

ತೊಳೆದು ಒಣಗಿದ ಬಾನೆಟ್ ಮೇಲೆ, ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಮೆಲ್ಲಗೆ ಸವರಿ. ಬರಿಗೈಗೆ ತಿಳಿಯದ ಒರಟು ಕವರ್ ಇದ್ದಾಗ ತಿಳಿಯುತ್ತದೆ. ರವೆ ಚೆಲ್ಲಿದ ಹಾಗೆ ಅನಿಸಿದರೆ ಏನೋ ಕಚ್ಚಿಕೊಂಡಿದೆ.

ಬಿಳಿ ಕಾರಿನಲ್ಲಿ ಸಣ್ಣ ಕಿತ್ತಳೆ ಚುಕ್ಕೆ ಕಂಡರೆ ಅದು ಕಬ್ಬಿಣದ ಪುಡಿ. ಬ್ರೇಕ್ ಪ್ಯಾಡ್‌ನಿಂದ ಹಾರಿದ್ದು ಅಥವಾ ರೈಲ್ವೆ ಹಳಿ ಪಕ್ಕ ನಿಲ್ಲಿಸಿದ್ದರಿಂದ ಬಂದದ್ದು. ಕ್ಲಿಯರ್ ಕೋಟ್‌ಗೆ ಚುಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಹೊಸ ಕಾರಿನ ಬಣ್ಣವೇ ತುಕ್ಕು ಹಿಡಿದಿದೆ ಅಂತ ಶೋರೂಮ್‌ಗೆ ಓಡುವವರಿದ್ದಾರೆ. ಐರನ್ ರಿಮೂವರ್ ಸ್ಪ್ರೇ ಮಾಡಿದರೆ ಒಂದೆರಡು ನಿಮಿಷದಲ್ಲಿ ಚುಕ್ಕೆ ಚುಕ್ಕೆ ನೇರಳೆ ಬಣ್ಣ ಇಳಿಯುತ್ತದೆ. ನೇರಳೆ ಬಂತು ಅಂದರೆ ಕಬ್ಬಿಣ ಇತ್ತು ಅಂತ. ವಾಸನೆ ಕೊಳೆತ ಮೊಟ್ಟೆಯದು, ಮನೆಯವರು ಬೈಯುತ್ತಾರೆ. ಒಣಗಲು ಬಿಡದೆ ತೊಳೆದುಬಿಡಿ.

ಬಾಗಿಲಿನ ಕೆಳಗೆ ಕಪ್ಪು ಗುಳ್ಳೆಯಂಥ ಚುಕ್ಕೆ ಇದ್ದರೆ ಟಾರು. ಹೊಸದಾಗಿ ಟಾರು ಹಾಕಿದ ರಸ್ತೆಯ ಕೊಡುಗೆ. ಟಾರ್ ರಿಮೂವರ್ ಬಟ್ಟೆಗೆ ಹಾಕಿ ಒಂದು ನಿಮಿಷ ಒತ್ತಿ ಹಿಡಿದರೆ ಕಂದು ಬಣ್ಣ ಬಿಟ್ಟು ಕರಗುತ್ತದೆ. ಉಗುರಿನಲ್ಲಿ ಕೆರೆಯಬೇಡಿ.

ಕ್ಲೇ ಬಾರ್ ಅನ್ನುವ ಜೇಡಿಮಣ್ಣಿನಂಥ ಉಂಡೆ ಕೂಡ ಈ ಕೆಲಸಕ್ಕೆ ಸಿಗುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಉಜ್ಜಿ ತೆಗೆಯುವ ವಸ್ತು ಅದು. ಕೋಟಿಂಗ್ ಮೇಲೂ ಸಣ್ಣ ಗೀರು ಬಿಡುತ್ತದೆ. ಕಡುಬಣ್ಣದ ಕಾರಾದರೆ ಇನ್ನೂ ಜಾಸ್ತಿ ಕಾಣುತ್ತದೆ.

ಬೋರ್‌ವೆಲ್ ನೀರು, ನನ್ನ ಕಳ್ಳ

ನನ್ನ ಬಾನೆಟ್ ಮೇಲೆ ಕಬ್ಬಿಣವೂ ಇರಲಿಲ್ಲ, ಟಾರೂ ಇರಲಿಲ್ಲ. ಸಂಜೆ ಮೊಬೈಲ್ ಟಾರ್ಚ್ ಅಡ್ಡಲಾಗಿ ಹಿಡಿದು ನೋಡಿದಾಗ ಕಂಡಿತು. ಸಾವಿರಾರು ತೆಳು ಬಿಳಿ ಉಂಗುರ, ಒಂದರ ಮೇಲೊಂದು. ಪ್ರತಿ ಉಂಗುರವೂ ಒಣಗಿದ ಒಂದು ಹನಿ.

ಇಲ್ಲಿ ಸೆರಾಮಿಕ್ ಕೋಟಿಂಗ್‌ನ ಒಂದು ತಮಾಷೆ ಇದೆ. ನೀರು ಹನಿ ಕಟ್ಟುವುದೇ ಅದರ ಹೆಮ್ಮೆ ತಾನೆ? ಆ ಹನಿ ಉರುಳಿ ಹೋಗದೆ ಅಲ್ಲೇ ಒಣಗಿದರೆ, ಅದರಲ್ಲಿದ್ದ ಉಪ್ಪೆಲ್ಲ ಒಂದು ಚಿಕ್ಕ ಉಂಗುರದಲ್ಲಿ ಸೇರಿಕೊಳ್ಳುತ್ತದೆ. ಕೋಟಿಂಗ್ ಇಲ್ಲದ ಕಾರಿನಲ್ಲಿ ಅದೇ ಉಪ್ಪು ಅಗಲಕ್ಕೆ ಹರಡಿ ಮಸುಕಾಗಿ ಕಾಣುತ್ತಿತ್ತು. ನಿಂತ ಕಾರಿಗೆ ನೀರು ಹೊಡೆದು ಒರೆಸದೆ ಬಿಟ್ಟರೆ ಕೋಟಿಂಗ್ ಇರುವ ಕಾರೇ ಬೇಗ ಕಲೆಯಾಗುತ್ತದೆ. ಮಾರುವವರು ಯಾರೂ ಈ ಮಾತು ಹೇಳುವುದಿಲ್ಲ. ಬಾಗಿಲು ಏಕೆ ಚೆನ್ನಾಗಿತ್ತು ಅಂತ ಈಗ ತಿಳಿಯಿತಲ್ವಾ? ಅಲ್ಲಿ ಹನಿ ನಿಲ್ಲುವುದಿಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹಾಕಿರುವ ಮಿತಿ, ಐಎಸ್ 10500ರ ಪ್ರಕಾರ, ಗಡಸುತನ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪಿನ ಅಳತೆ) ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರ ತನಕ ಸೈ. ಕಾವೇರಿ ನೀರು ಮೆತ್ತಗಿನದು. ಬೋರ್‌ವೆಲ್ ನೀರು ಅಷ್ಟು ಸಾಧು ಅಲ್ಲ. ಸ್ನಾನದ ಮನೆಯ ನಲ್ಲಿಗೆ ಬಿಳಿ ಹಕ್ಕಳೆ ಕಟ್ಟುವ ಮನೆಯ ನೀರು ಬಾನೆಟ್‌ಗೂ ಹಕ್ಕಳೆ ಕಟ್ಟುತ್ತದೆ. ಅದಕ್ಕೆ ಮೀಟರ್ ಬೇಕಿಲ್ಲ.

ನಾನು ಮಾಡಿದ ಇನ್ನೊಂದು ತಪ್ಪು ಆರ್‌ಓ ಯಂತ್ರದ ತ್ಯಾಜ್ಯ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಿತ್ತಲ್ಲ. ಆಗ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಸರಿಯಾದ ಆದೇಶವೇ. ನಾನು ಅವತ್ತಿನಿಂದ ಆರ್‌ಓ ಚೆಲ್ಲುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಕಾರು ತೊಳೆಯಲು ಶುರು ಮಾಡಿದೆ. ನೀರು ಉಳಿಸಿದ ಸಮಾಧಾನ ಬೇರೆ. ಆದರೆ ಆ ಯಂತ್ರ ನಮ್ಮ ಲೋಟಕ್ಕೆ ಬಾರದ ಹಾಗೆ ತಡೆದ ಉಪ್ಪೆಲ್ಲ ಇರುವುದು ಆ ಬಕೆಟ್‌ನಲ್ಲೇ. ನೆಲ ಒರೆಸಲು, ಚಕ್ರ ತೊಳೆಯಲು ಆ ನೀರು ಆದೀತು. ಬಣ್ಣದ ಮೇಲೆ ಬೇಡ.

ಸಾಫ್ಟನರ್ ಇರುವ ಅಪಾರ್ಟ್‌ಮೆಂಟಿನವರು ನೀರಿನಲ್ಲಿ ಕರಗಿದ ಉಪ್ಪಿನ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಸಂಖ್ಯೆ ಇಳಿದೇ ಇಲ್ಲವಲ್ಲ ಅಂತ ಗೊಂದಲಕ್ಕೆ ಬೀಳುತ್ತಾರೆ. ಇಳಿಯುವುದಿಲ್ಲ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದುಕೊಂಡು ಬದಲಿಗೆ ಸೋಡಿಯಂ ಕೊಡುತ್ತದೆ. ಕಲೆ ಆಗಲೂ ಬೀಳುತ್ತದೆ. ಆದರೆ ಆ ಕಲೆ ಬರೀ ಒದ್ದೆ ಬಟ್ಟೆಗೆ ಹೋಗುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ದೊಡ್ಡದು.

ಈಗ ಪರೀಕ್ಷೆ. ಬಾನೆಟ್ ನಡುವೆ ಉದ್ದಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಎಡಭಾಗ ಹಾಗೇ ಬಿಟ್ಟೆ. ದಿನಸಿ ಅಂಗಡಿಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಬಲಭಾಗದ ಮೇಲೆ ಹಾಸಿದೆ. ಉಜ್ಜಲಿಲ್ಲ. ಒದ್ದೆ ಬಟ್ಟೆ ಸುಮ್ನೆ ಕೂತಿತ್ತು. ಎರಡು ನಿಮಿಷ ಬಿಟ್ಟು ತೆಗೆದು ಮೆಲ್ಲಗೆ ಒಮ್ಮೆ ಒರೆಸಿ, ಜಾಸ್ತಿ ನೀರು ಹಾಕಿ ತೊಳೆದೆ. ಆಮೇಲೆ ಶಾಂಪೂ, ಮತ್ತೆ ನೀರು. ಕೊನೆಗೆ ಚೊಂಬು ನೀರನ್ನು ಟೇಪಿನ ನೆತ್ತಿಯಿಂದ ಎರಡೂ ಕಡೆಗೆ ಸುರಿದೆ. ಎಡಗಡೆ ನೀರು ಮೊದಲಿನ ಹಾಗೆ ಚಪ್ಪಟೆ. ಬಲಗಡೆ ಚಿಮ್ಮಿ, ಒಡೆದು, ಗುಂಡಾಗಿ, ಗ್ರಿಲ್ ಕಡೆ ಓಡಿತು. ಟೇಪಿನ ಗೆರೆಗೆ ಸರಿಯಾಗಿ ಎರಡು ಬೇರೆ ಬೇರೆ ಕಾರು.

ಆ ವಿಡಿಯೋ ಅಂಗಡಿಯ ಹುಡುಗನಿಗೆ ಕಳಿಸಿದೆ. ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ.

ವಿನೆಗರ್‌ಗೆ ಕೆಲವು ಎಚ್ಚರಿಕೆ. ಬಿಸಿಲಲ್ಲಿ, ಬಿಸಿ ಬಾನೆಟ್ ಮೇಲೆ ಬೇಡ. ಒಣಗಲು ಬಿಡಬೇಡಿ. ಕ್ರೋಮ್ ಪಟ್ಟಿ, ಬಣ್ಣ ಕಿತ್ತು ಲೋಹ ಕಾಣುವ ಜಾಗಕ್ಕೆ ತಾಗಿಸಬೇಡಿ. ಬಾನೆಟ್ ಪೂರ್ತಿ ಒಂದೇ ಸಲ ಮಾಡುವ ಬದಲು ಒಂದೊಂದು ಅಡಿ ಮಾಡಿ. ಇದಕ್ಕೆಂದೇ ಮಾಡಿದ ವಾಟರ್ ಸ್ಪಾಟ್ ರಿಮೂವರ್ ಸಿಗುತ್ತದೆ. ಅದೂ ಆಮ್ಲವೇ. ದುಡ್ಡಿದ್ದರೆ ಅದನ್ನೇ ತಗೊಳ್ಳಿ.

ವಿನೆಗರ್‌ಗೂ ಹೋಗದಿದ್ದರೆ ಎರಡು ಸಾಧ್ಯತೆ. ಒಂದು, ಕಲೆಯಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಇದೆ. ಬೆಂಗಳೂರು ಕೂತಿರುವುದು ಗಟ್ಟಿ ಬಂಡೆ ಮೇಲೆ, ಲಾಲ್‌ಬಾಗ್ ಗುಡ್ಡ ನೋಡಿದರೆ ಸಾಕು. ಆ ಬಂಡೆಯ ಬಿರುಕಿನಲ್ಲಿ ಹರಿದು ಬಂದ ನೀರಿನಲ್ಲಿ ಕರಗಿದ ಸಿಲಿಕಾ ಇರುತ್ತದೆ. ಅದು ಒಣಗಿ ಕೂತರೆ ವಿನೆಗರ್‌ಗೆ ಕೇರ್ ಮಾಡುವುದಿಲ್ಲ. ಎರಡು, ಕಲೆ ಮೇಲೆ ಕೂತಿಲ್ಲ, ಕೆಳಗೆ ಇಳಿದಿದೆ. ಉಗುರಿನ ತುದಿಯನ್ನು ಒತ್ತದೆ ಎಳೆದು ನೋಡಿ. ಉಬ್ಬು ಸಿಕ್ಕಿದರೆ ಇನ್ನೂ ಮೇಲಿದೆ. ತಗ್ಗು ಸಿಕ್ಕಿದರೆ ಕ್ಲಿಯರ್ ಕೋಟ್ ತಿಂದಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಆ ಜಾಗಕ್ಕೆ ಮಾತ್ರ ಸಣ್ಣ ಪಾಲಿಶ್ ಬೇಕಾಗುತ್ತದೆ. ಇಡೀ ಕಾರಿಗಲ್ಲ.

ಮತ್ತೆ ಬಾರದಿರಲು ಒಂದೇ ದಾರಿ, ಒರೆಸುವುದು. ನೀರು ಒಣಗುವ ಮೊದಲು ದಪ್ಪ ಟವೆಲ್ ಹಾಸಿ ಎತ್ತಿ. ಕೊನೆಯ ಅರ್ಧ ಬಕೆಟ್‌ಗೆ ಒಳ್ಳೆ ನೀರು ಇಟ್ಟುಕೊಳ್ಳಿ. ನಾನು ಮಳೆಗಾಲದಲ್ಲಿ ತಾರಸಿ ನೀರು, ಬೇಸಿಗೆಯಲ್ಲಿ ಏಸಿಯಿಂದ ತೊಟ್ಟಿಕ್ಕುವ ನೀರು ಹಿಡಿಯುತ್ತೇನೆ. ಗಾಳಿಯ ತೇವ ತಣ್ಣಗಾಗಿ ಬಂದ ನೀರದು, ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಧೂಳು ಇರುತ್ತದೆ, ಬಟ್ಟೆಯಲ್ಲಿ ಸೋಸಿದರೆ ಆಯಿತು.

ಬೇಸ್‌ಮೆಂಟಿನ ಬಿಳಿ ಗೆರೆ

ಕಾರು ಹೊರಗೇ ಬರುವುದಿಲ್ಲ, ಬಿಸಿಲಿಲ್ಲ, ಮಳೆಯಿಲ್ಲ, ಆದರೂ ರೂಫ್ ಮೇಲೆ ಬಿಳಿ ಧಾರೆ ಅನ್ನುವವರು ತಲೆ ಎತ್ತಿ ಸ್ಲ್ಯಾಬ್ ನೋಡಿ. ಮೇಲಿನ ಗಾರ್ಡನ್‌ಗೆ ಹಾಕಿದ ನೀರು ಕಾಂಕ್ರೀಟಿನ ಬಿರುಕಿನಲ್ಲಿ ಇಳಿಯುವಾಗ ಸುಣ್ಣ ಕರಗಿಸಿಕೊಂಡು ಬರುತ್ತದೆ. ಸ್ಲ್ಯಾಬ್‌ಗೆ ಸಣ್ಣ ಬಿಳಿ ಕಡ್ಡಿ ನೇತಾಡುತ್ತಿದ್ದರೆ ಅದೇ ಸಾಕ್ಷಿ. ಗುಹೆಯಲ್ಲಿ ಸುಣ್ಣದ ಕಲ್ಲು ಬೆಳೆಯುವ ಹಾಗೆ ಇಲ್ಲೂ ಬೆಳೆದಿರುತ್ತದೆ.

ಬೋರ್‌ವೆಲ್ ಕಲೆಗಿಂತ ಇದು ಕೆಟ್ಟದ್ದು. ತೊಟ್ಟಿಕ್ಕುವ ಆ ನೀರು ತೀರಾ ಕ್ಷಾರ. ಗಾಳಿಗೆ ಒಣಗಿ ಗಟ್ಟಿ ಸುಣ್ಣದಕಲ್ಲಾಗುತ್ತದೆ. ಅಷ್ಟರಲ್ಲಿ ಕೆಳಗಿನ ಕೋಟಿಂಗ್ ಅನ್ನು ತಿಂದಿರುತ್ತದೆ. ಸೆರಾಮಿಕ್ ಕೋಟಿಂಗ್ ಆಮ್ಲವನ್ನು ಅಷ್ಟೋ ಇಷ್ಟೋ ತಡೆಯುತ್ತದೆ, ಬಲವಾದ ಕ್ಷಾರದ ಎದುರು ಸೋಲುತ್ತದೆ. ಆ ಕೋಟಿಂಗ್‌ನಲ್ಲಿರುವ ಸಿಲಿಕಾದ ಗುಣವೇ ಅದು.

ಪತ್ತೆ ಸುಲಭ. ಒಂದು ಹನಿ ವಿನೆಗರ್ ಬಿಡಿ. ಸೋಡಾದ ಹಾಗೆ ಗುಳ್ಳೆ ಬಂದರೆ ಸುಣ್ಣ. ದಪ್ಪಗಿದ್ದರೆ ಒದ್ದೆ ಬಟ್ಟೆ ಹಾಸಿ, ತೆಗೆದು, ಮತ್ತೆ ಹಾಸಿ, ನಾಲ್ಕೈದು ಸಲ ಮಾಡಬೇಕು. ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸುವ ಆಸೆಯಾಗುತ್ತದೆ. ಬೇಡ, ಗೀರು ಬೀಳುತ್ತದೆ. ಮತ್ತು ಇದರ ನಿಜವಾದ ರಿಪೇರಿ ಕಾರಿನದಲ್ಲ, ಸ್ಲ್ಯಾಬಿನದು. ಸಂಘದ ಮೀಟಿಂಗ್‌ನಲ್ಲಿ ಎದ್ದು ನಿಂತು ಹೇಳಬೇಕು. ಅದಾಗುವ ತನಕ ತೊಟ್ಟಿಕ್ಕುವ ಜಾಗ ಬಿಟ್ಟು ಎರಡಡಿ ಆಚೆ ನಿಲ್ಲಿಸಿ.

ಮರದ ಕೆಳಗಿನ ಲೆಕ್ಕ

ನೆರಳು ಬೇಕು ಅಂತ ಮರದ ಕೆಳಗೆ ನಿಲ್ಲಿಸುತ್ತೇವೆ. ಮಾವು ಹೂ ಬಿಡುವ ಕಾಲಕ್ಕೆ, ಮಳೆಮರದ ಕೆಳಗೆ, ಕಾರಿನ ಮೇಲೆ ಸಣ್ಣ ಜಿಗುಟು ಚುಕ್ಕೆ ಬೀಳುತ್ತದೆ. ಅದನ್ನು ಮರದ ಅಂಟು ಅನ್ನುತ್ತೇವೆ. ಹೆಚ್ಚಿನ ಸಲ ಅದು ಮರದ್ದಲ್ಲ, ಎಲೆಯ ರಸ ಹೀರುವ ಹುಳಗಳು ಬಿಡುವ ಸಿಹಿನೀರು. ಸಕ್ಕರೆ ಅದು, ಬಿಸಿ ನೀರಿಗೆ ಕರಗುತ್ತದೆ. ಬಿಟ್ಟರೆ ಕಪ್ಪು ಬೂಷ್ಟು ಬೆಳೆಯುತ್ತದೆ. ನಿಜವಾದ ಹಲಸಿನ ಮೇಣದಂಥದ್ದಾದರೆ ಬಿಸಿ ನೀರಿಗೆ ಜಗ್ಗುವುದಿಲ್ಲ. ಟಾರ್ ರಿಮೂವರ್ ಬೇಕು.

ಜೂನ್‌ನಲ್ಲಿ ನೇರಳೆ ಹಣ್ಣು. ಬಿಳಿ ಕಾರಿನವರ ಗೋಳು. ಅದೇ ದಿನ ತೊಳೆದರೆ ಏನೂ ಇಲ್ಲ.

ಹಕ್ಕಿ ಹಿಕ್ಕೆ ಬೇರೆ ಜಾತಿ. ಜನ ಆಮ್ಲ ಸುಡುತ್ತದೆ ಅನ್ನುತ್ತಾರೆ, ಅದು ಅರ್ಧ ನಿಜ. ಇನ್ನರ್ಧ ಬಿಸಿಲಿನದು. ಏಪ್ರಿಲ್ ಮಧ್ಯಾಹ್ನ ಕಡುಬಣ್ಣದ ಬಾನೆಟ್ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆಗ ಕ್ಲಿಯರ್ ಕೋಟ್ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ. ಒಣಗಿ ಗಟ್ಟಿಯಾದ ಹಿಕ್ಕೆ ಅದರ ಮೇಲೆ ಅಚ್ಚಿನ ಹಾಗೆ ಕೂತಿರುತ್ತದೆ. ರಾತ್ರಿ ತಣ್ಣಗಾಗುವಾಗ ಆ ಅಚ್ಚು ಉಳಿಯುತ್ತದೆ. ಅದಕ್ಕೇ ಹಿಕ್ಕೆ ತೆಗೆದ ಮೇಲೂ ಅದರ ಆಕಾರ ಮಸುಕಾಗಿ ಕಾಣುವುದು. ಒಂದೆರಡು ಮೈಕ್ರಾನ್ ಕೋಟಿಂಗ್ ಇದನ್ನು ತಡೆಯಲಾರದು, ಸ್ವಲ್ಪ ಸಮಯ ಕೊಡುತ್ತದೆ ಅಷ್ಟೇ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಬಟ್ಟೆ ಇಟ್ಟುಕೊಂಡರೆ ಯಾವ ಕೋಟಿಂಗ್‌ಗಿಂತ ಜಾಸ್ತಿ ಕೆಲಸ ಆಗುತ್ತದೆ. ನೆನೆಸಿ ತೆಗೆಯಿರಿ, ಒಣ ಒರೆಸಬೇಡಿ. ಅದರಲ್ಲಿ ಮರಳು, ಬೀಜ ಇರುತ್ತದೆ.

ಜೇಡರ ಬಲೆಯಂಥ ಗೀರು

ಬಿಸಿಲಲ್ಲಿ ನೋಡಿದರೆ ಬಣ್ಣದ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆ ಕಾಣುತ್ತಿದೆಯೇ? "9ಎಚ್ ಕೋಟಿಂಗ್, ಗೀರೇ ಬೀಳಲ್ಲ ಅಂದಿದ್ರು" ಅಂತ ಬೇಜಾರಾಗುವ ಮೊದಲು ಆ 9ಎಚ್ ಏನು ಅಂತ ತಿಳಿದುಕೊಳ್ಳಿ. ಅದು ಪೆನ್ಸಿಲ್ ಪರೀಕ್ಷೆ. ಅಂಗಡಿಯಲ್ಲಿ ಸಿಗುವ 2ಎಚ್, ಎಚ್‌ಬಿ ಪೆನ್ಸಿಲ್ ಸಾಲಿನ ಗಟ್ಟಿ ತುದಿಯದು 9ಎಚ್. ಆ ಪೆನ್ಸಿಲ್ಲಿಗೆ ಗೀರು ಬೀಳುವುದಿಲ್ಲ ಅಂತ ಅರ್ಥ. ಕಲ್ಲು ವಜ್ರ ಅಳೆಯುವ ಮೋಸ್ ಮಾಪಕ ಬೇರೆಯೇ. ಅದರಲ್ಲಿ ಮರಳಿನ ಸ್ಫಟಿಕದ ಗಟ್ಟಿತನ 7. ರಸ್ತೆ ಧೂಳಿನಲ್ಲಿ ಇರುವುದು ಆ ಮರಳು.

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬ ಹುಡುಗ ಬೆಳಗ್ಗೆ 5ಕ್ಕೆ ಬಂದು ಇಪ್ಪತ್ತು ಕಾರು ಒರೆಸುತ್ತಾನೆ. ಒಂದು ಬಕೆಟ್, ಒಂದು ಬಟ್ಟೆ. ನನ್ನದು ಹದಿನೇಳನೆಯ ಕಾರು. ಹದಿನಾರು ಕಾರಿನ ಮರಳು ನನ್ನ ಬಾನೆಟ್‌ಗೆ ಬರುತ್ತಿತ್ತು. ಅವನ ತಪ್ಪೇನಿಲ್ಲ, ನಾವು ಕೊಡುವ ದುಡ್ಡಿಗೆ ಅಷ್ಟೇ. ಈಗ ಅವನಿಗೆ ಗಾಜು ಮತ್ತು ಚಕ್ರ ಮಾತ್ರ ಒರೆಸು, ಬಣ್ಣ ಮುಟ್ಟಬೇಡ, ದುಡ್ಡು ಅಷ್ಟೇ ಕೊಡುತ್ತೇನೆ ಅಂದಿದ್ದೇನೆ. ಅವನಿಗೆ ನನ್ನ ಬಗ್ಗೆ ಕನಿಕರ ಬಂದ ಹಾಗಿದೆ.

ನೀರು ಕಡಿಮೆ ಇರುವವರಿಗೆ ರಿನ್ಸ್‌ಲೆಸ್ ವಾಶ್, ಅಂದರೆ ಕೊನೆಗೆ ನೀರು ಸುರಿದು ತೊಳೆಯಬೇಕಿಲ್ಲದ ದ್ರವ, ಒಳ್ಳೆಯದು. ಒಂದು ಬಕೆಟ್‌ಗೆ ಮುಚ್ಚಳದಷ್ಟು ದ್ರವ, ನಾಲ್ಕೈದು ಬಟ್ಟೆ. ಒಂದು ಕಡೆ ಒರೆಸಿದ ಬಟ್ಟೆಯ ಮಗ್ಗುಲು ಬದಲಿಸಬೇಕು, ವಾಪಸ್ ಬಕೆಟ್‌ಗೆ ಅದ್ದಬಾರದು. ಕೆಸರು ಮೆತ್ತಿದ ಕಾರಿಗೆ ಇದು ಆಗುವುದಿಲ್ಲ.

ಎಣ್ಣೆ ಮೇಲಿನ ಕಾಮನಬಿಲ್ಲು

ಹೊಸದಾಗಿ ಕೋಟಿಂಗ್ ಆದ ಕಾರಿನಲ್ಲಿ ಪಟ್ಟಿ ಪಟ್ಟಿ ಕಪ್ಪು ನೆರಳು, ಅಡ್ಡ ನೋಡಿದರೆ ಎಣ್ಣೆ ಚೆಲ್ಲಿದ ನೀರಿನಂಥ ಬಣ್ಣ ಕಂಡರೆ, ಅದು ಒರೆಸದೆ ಬಿಟ್ಟ ಕೋಟಿಂಗ್. ಹಚ್ಚಿದ ಮೇಲೆ ಸ್ವಲ್ಪ ಹೊತ್ತಿಗೆ ಅದು ಮಂಜಾಗುತ್ತದೆ, ಆಗ ಒರೆಸಿ ಸಮ ಮಾಡಬೇಕು. ಸೆಕೆ, ತೇವ ಇರುವ ದಿನ ಆ ಹೊತ್ತು ಬೇಗ ಬಂದು ಹೋಗುತ್ತದೆ. ಮೊದಲ ಗಂಟೆಯೊಳಗೆ ಕಂಡರೆ ಅದೇ ಕೋಟಿಂಗ್ ಒಂದೆರಡು ಹನಿ ಹಾಕಿ ಮೆತ್ತಗೆ ಮಾಡಿ ಒರೆಸಬಹುದು. ಮರುದಿನ ಕಂಡರೆ ಪಾಲಿಶ್ ಒಂದೇ ದಾರಿ. ಅದಕ್ಕೇ ಡೆಲಿವರಿ ತಗೊಳ್ಳುವಾಗ ಟ್ಯೂಬ್‌ಲೈಟ್ ಕೆಳಗೆ ಅಲ್ಲ, ಹೊರಗೆ ಬಿಸಿಲಿಗೆ ತಂದು ಸುತ್ತ ನೋಡಿ. ಮೊದಲ ದಿನ ಒದ್ದೆ ಮಾಡದಿರುವುದು, ಒಂದು ವಾರ ಶಾಂಪೂ ಹಾಕದಿರುವುದು ವಾಡಿಕೆ. ಮೇ ತಿಂಗಳ ಸಂಜೆ ಮಳೆ ಬರುವ ಊರಿನಲ್ಲಿ ಕೋಟಿಂಗ್ ಮಾಡಿಸಿ ಹೊರಗೆ ನಿಲ್ಲಿಸಿದರೆ ಹೊಸ ಪದರಕ್ಕೇ ಹನಿ ಕಲೆ ಗ್ಯಾರಂಟಿ.

ವ್ಯಾಕ್ಸ್ ಹಚ್ಚುವವರಿಗೆ

ಕಾರ್ನೂಬಾ ವ್ಯಾಕ್ಸ್ ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆಮರದ ಎಲೆಯಿಂದ ಬರುವ ಮೇಣ. ಸುಮಾರು 82ರಿಂದ 86 ಡಿಗ್ರಿಗೆ ಕರಗುತ್ತದೆ, ಮೇಣಗಳಲ್ಲಿ ಅದು ಜಾಸ್ತಿಯೇ. ಡಬ್ಬಿಯಲ್ಲಿ ಇರುವುದು ಶುದ್ಧ ಕಾರ್ನೂಬಾ ಅಲ್ಲ, ಎಣ್ಣೆ, ದ್ರಾವಕ ಬೆರೆಸಿದ್ದು. ನಮ್ಮ ಬಿಸಿಲಿಗೆ ಬಾನೆಟ್ ಮೇಲೆ ನಾಲ್ಕರಿಂದ ಎಂಟು ವಾರ ಬಂದರೆ ಸಂತೋಷ ಪಡಿ. ಎರಡು ತಿಂಗಳಿಗೆ ಹನಿ ಕಟ್ಟುವುದು ನಿಂತರೆ ಅದು ದೋಷವಲ್ಲ, ಮೇಣದ ಆಯುಷ್ಯ. ಒಂದೇ ತೊಳೆತಕ್ಕೆ ಹೋಯಿತು ಅಂದರೆ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿದ್ದೀರಾ ನೋಡಿ.

ಒಣಗಿದ ವ್ಯಾಕ್ಸ್‌ನ ಬಿಳಿ ಪಟ್ಟೆ ಒರೆಸಿದರೂ ಹೋಗದಿದ್ದರೆ ಬಲ ಹಾಕಿ ಉಜ್ಜಬೇಡಿ. ದಪ್ಪ ಹಚ್ಚಿದ್ದೀರಿ. ಅದರ ಮೇಲೆ ಅದೇ ವ್ಯಾಕ್ಸ್ ಇನ್ನೊಂದು ತೆಳು ಕೈ ಎಳೆಯಿರಿ. ಅದರ ದ್ರಾವಕಕ್ಕೆ ಹಳೆಯದು ಮೆತ್ತಗಾಗುತ್ತದೆ, ತಕ್ಷಣ ಒರೆಸಿ.

ಆಯುಧಪೂಜೆ ಮರುದಿನ ಬರುವ ದೂರುಗಳದ್ದೇ ಒಂದು ಪಟ್ಟಿ ಮಾಡಬಹುದು. ಅರಿಶಿನದ ಹಳದಿ ಬಿಸಿಲಿಗೆ ತಾನೇ ಮಾಸುತ್ತದೆ. ಕುಂಕುಮದ ಒಣಪುಡಿ ಉಜ್ಜದೆ ನೀರಲ್ಲಿ ಹರಿಸಿಬಿಡಿ. ಬಾಳೆಕಂದು ಕಟ್ಟಿದ ಟೇಪಿನ ಅಂಟೇ ಹೆಚ್ಚು ಕಾಡುವುದು. ಹಬ್ಬದ ಸಂಜೆಯೇ ಕಿತ್ತರೆ ಸಲೀಸು, ವಾರ ಬಿಸಿಲು ಕಂಡ ಮೇಲೆ ಟಾರ್ ರಿಮೂವರ್ ಹಿಡಿಯಬೇಕು.

ಯಾವುದಕ್ಕೂ ಜಗ್ಗದಿದ್ದರೆ

ಬಣ್ಣ ಸಿಪ್ಪೆ ಏಳುತ್ತಿದ್ದರೆ, ಬಿಳಿ ಅಂಚಿನ ನಕ್ಷೆಯಂಥ ತೇಪೆ ಕಂಡರೆ, ಅದು ಕ್ಲಿಯರ್ ಕೋಟ್ ಬಿಟ್ಟುಕೊಂಡದ್ದು. ಅದಕ್ಕೆ ವ್ಯಾಕ್ಸೂ ಇಲ್ಲ ಕೋಟಿಂಗೂ ಇಲ್ಲ, ಮರುಬಣ್ಣವೇ. ಕರಾವಳಿಯವರು ಕಲ್ಲೇಟಿನ ಚುಕ್ಕೆಯಿಂದ ಹರಡುವ ತುಕ್ಕಿಗೆ ಕೋಟಿಂಗ್ ಹಾಕಿಸಿ ಉಪಯೋಗವಿಲ್ಲ. ಮೊದಲು ಆ ಚುಕ್ಕೆ ಮುಚ್ಚಿಸಿ. ತುಂಬಾ ಹಳೆಯ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದಿರಬಹುದು. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿದಾಗ ಕಾರಿನ ಬಣ್ಣವೇ ಬಟ್ಟೆಗೆ ಬಂದರೆ ಅದು ಒಂದೇ ಪದರದ ಬಣ್ಣ.

ಬಳಸಿದ ಕಾರು ಕೊಂಡವರು ಒಂದೇ ಪ್ಯಾನೆಲ್ ಬೇರೆ ಥರ ವರ್ತಿಸುತ್ತಿದ್ದರೆ ಬಣ್ಣದ ದಪ್ಪ ಅಳೆಯುವ ಮೀಟರ್ ಇರುವ ಕಡೆ ತೋರಿಸಿ. ಉಳಿದದ್ದೆಲ್ಲ 110 ಮೈಕ್ರಾನ್, ಒಂದು ಬಾಗಿಲು ಮಾತ್ರ 250 ಅಂದರೆ ಆ ಬಾಗಿಲಿಗೆ ಒಂದು ಕಥೆ ಇದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಆ ಮೀಟರ್ ಕೆಲಸ ಮಾಡುವುದಿಲ್ಲ, ಸಂಖ್ಯೆ ಬಾರದಿದ್ದರೆ ಗಾಬರಿ ಬೇಡ.

ಶಾಂಪೂ, ಐರನ್, ಟಾರ್, ವಿನೆಗರ್ ಎಲ್ಲ ಆದ ಮೇಲೂ, ಬಾಗಿಲು ಬಾನೆಟ್ ಎರಡೂ ಕಡೆ ನೀರು ಚಪ್ಪಟೆಯಾಗಿ ಕೂತರೆ, ಆಗ ಒಪ್ಪಿಕೊಳ್ಳಿ, ಕೋಟಿಂಗ್ ಹೋಗಿದೆ. ಆಗಲೂ ಬಣ್ಣ ಚೆನ್ನಾಗಿದ್ದರೆ ಪಾಲಿಶ್ ಬೇಕಿಲ್ಲ. ಸಿಂಪಡಿಸಿ ಒರೆಸಿದರೆ ತೆಳು ರಕ್ಷಣಾ ಪದರ ಬಿಡುವ ಸ್ಪ್ರೇ ಸೀಲಂಟ್ ಒಂದು ಬಾಟಲಿ, ಮೂರು ನಾಲ್ಕು ತಿಂಗಳಿಗೊಮ್ಮೆ ಭಾನುವಾರದ ಒಂದು ಗಂಟೆ.

ನನ್ನ ಬಾನೆಟ್‌ನ ಎಡಭಾಗವನ್ನೂ ಮುಂದಿನ ವಾರ ಸರಿಮಾಡಿದೆ. ಖರ್ಚು ಒಂದು ಬಾಟಲಿ ವಿನೆಗರ್, ಅರ್ಧ ಸುರುಳಿ ಟೇಪ್. ವೈಪರ್ ಪಕ್ಕದಲ್ಲಿ ಐದಾರು ಉಂಗುರ ಮಾತ್ರ ಹೋಗಲಿಲ್ಲ. ಉಗುರಿಗೆ ತಗ್ಗು ಸಿಗುತ್ತದೆ. ಅವನ್ನು ಹಾಗೇ ಬಿಟ್ಟಿದ್ದೇನೆ.